ಕಾರಿನ ಮೈಲೇಜ್ ಇದ್ದಕ್ಕಿದ್ದಂತೆ ಬಿದ್ದರೆ ಎಲ್ಲಿಂದ ಹುಡುಕಬೇಕು?

ಚಳಿಗಾಲದ ಕಾರ್ಯಕ್ರಮಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ಕಿವಿಗೆ ಬೀಳುವ ಮಾತುಗಳು ಹೆಚ್ಚೂ ಕಡಿಮೆ ಪ್ರತಿ ವರ್ಷವೂ ಅವೇ. ಮೊದಲು ಹಿಮ, ಆಮೇಲೆ ಬೆಂಗಳೂರಿನ ಟಿಕೆಟ್ ದರ, ಅದಾದ ಮೇಲೆ "ಯಾಕೋ ನಮ್ಮ ವ್ಯಾನು ಈಚೆಗೆ ವಿಪರೀತ ಗ್ಯಾಸ್ ಕುಡೀತಿದೆ ಕಣ್ರೀ". ಈ ಮೂರನೆಯ ಮಾತು ಬಂದ ಕೂಡಲೇ ಸಾಲಿನಲ್ಲಿ ಹಿಂದೆ ಮುಂದೆ ಇದ್ದವರೆಲ್ಲ ಡಾಕ್ಟರುಗಳಾಗುತ್ತಾರೆ. ಒಬ್ಬರು ಏರ್ ಫಿಲ್ಟರ್ ಬದಲಾಯಿಸಿ ಎನ್ನುತ್ತಾರೆ, ಇನ್ನೊಬ್ಬರು ಆ ಸ್ಟೇಷನ್ನಿನ ಗ್ಯಾಸೇ ಸರಿಯಿಲ್ಲ ಎನ್ನುತ್ತಾರೆ, ಮತ್ತೊಬ್ಬರು ಟ್ಯಾಂಕಿಗೆ ಸುರಿಯುವ ಯಾವುದೋ ಬಾಟಲಿಯ ಹೆಸರು ಹೇಳುತ್ತಾರೆ. ಬಿಸಿಬೇಳೆ ಬಾತ್ ತಟ್ಟೆಗೆ ಬೀಳುವ ಹೊತ್ತಿಗೆ ವಿಷಯ ಮರೆತುಹೋಗಿರುತ್ತದೆ. (ಊರಿನಿಂದ ಬಂದಿರುವ ಅಪ್ಪ ಅಮ್ಮಂದಿರು ಇದನ್ನು ಓದುತ್ತಿದ್ದರೆ, ಇಲ್ಲಿ ಗ್ಯಾಸ್ ಎಂದರೆ ಅಡುಗೆಮನೆಯ ಸಿಲಿಂಡರ್ ಅಲ್ಲ, ಪೆಟ್ರೋಲ್!)

ನಾನು ಮೆಕ್ಯಾನಿಕ್ ಅಲ್ಲ, ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವನು. ಆದರೆ "ನಿನ್ನೆಯವರೆಗೆ ಚೆನ್ನಾಗಿತ್ತು, ಇವತ್ತು ಕೆಟ್ಟಿದೆ, ನಾವೇನೂ ಮುಟ್ಟಿಲ್ಲ" ಎಂಬ ದೂರು ನಮ್ಮ ಕಸುಬಿನಲ್ಲಿ ದಿನನಿತ್ಯದ್ದು. ಅಂಥ ದೂರು ಬಂದಾಗ ನಾವು ಕೇಳುವ ಪ್ರಶ್ನೆಗಳು ಮೂರೇ: ನಿಜವಾಗಿ ಕೆಟ್ಟಿದೆಯೇ, ಯಾವಾಗಿನಿಂದ, ಆ ಹೊತ್ತಿನಲ್ಲಿ ಬದಲಾದದ್ದು ಏನು? ಕಾರಿಗೂ ಇವೇ ಪ್ರಶ್ನೆಗಳು ಸಾಕು.

ಈ ವಿಷಯ ನಮ್ಮ ಮಿಷಿಗನ್ನಿನವರಿಗೆ ಉಳಿದವರಿಗಿಂತ ಸ್ವಲ್ಪ ಹೆಚ್ಚು ಮುಖ್ಯ. ಅಮೆರಿಕದ ಕೆಲವು ರಾಜ್ಯಗಳಲ್ಲಿ ವರ್ಷಕ್ಕೊಮ್ಮೆ ಕಾರನ್ನು ತಪಾಸಣೆಗೆ ಒಯ್ಯಲೇಬೇಕು. ಬ್ರೇಕು, ಟೈರು, ಹೊಗೆ ಎಲ್ಲ ನೋಡಿ ಚೀಟಿ ಅಂಟಿಸುತ್ತಾರೆ. ಮಿಷಿಗನ್ನಿನಲ್ಲಿ ನಮ್ಮ ನಿಮ್ಮಂಥವರ ಕಾರಿಗೆ ಅಂಥ ಕಡ್ಡಾಯ ತಪಾಸಣೆ ಇಲ್ಲ. ನೀವಾಗಿ ನೋಡಿಸಿದರೆ ಉಂಟು, ಇಲ್ಲವಾದರೆ ಇಲ್ಲ. ಹೀಗಾಗಿ ಕಾರಿನ ಒಳಗೆ ಏನೋ ಹದಗೆಡುತ್ತಿದೆ ಎಂಬ ಮೊದಲ ಸುಳಿವು ಎಷ್ಟೋ ಸಲ ಗ್ಯಾಸ್ ಸ್ಟೇಷನ್ನಿನ ರಸೀತಿಯಲ್ಲೇ ಸಿಗುತ್ತದೆ. ದುಡ್ಡಿನ ಮಾತು ಹಾಗಿರಲಿ, ಅದರ ಹಿಂದೆ ಕೆಲವೊಮ್ಮೆ ಬ್ರೇಕಿನ ಮಾತೂ ಇರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಳತೆ

ಡ್ಯಾಶ್‌ಬೋರ್ಡಿನಲ್ಲಿ ಮಿನುಗುವ ಎಂಪಿಜಿ ಅಂಕಿಯನ್ನು ಪೂರ್ತಿ ನಂಬಬೇಡಿ. ಬಹಳಷ್ಟು ಕಾರುಗಳಲ್ಲಿ ಅದು ತನ್ನನ್ನು ತಾನೇ ಸ್ವಲ್ಪ ಹೊಗಳಿಕೊಳ್ಳುತ್ತದೆ. ಹಳೆಯ ವಿಧಾನವೇ ಒಳ್ಳೆಯದು: ಪಂಪ್ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆ ಮಾಡಿ, ಮುಂದಿನ ಸಲ ತುಂಬಿಸಿದಾಗ ಓಡಿದ ಮೈಲಿಯನ್ನು ಗ್ಯಾಲನ್ನಿನಿಂದ ಭಾಗಿಸಿ. 312 ಮೈಲಿಗೆ 15.6 ಗ್ಯಾಲನ್ ಹಿಡಿದರೆ 20 ಎಂಪಿಜಿ. ನಮ್ಮೂರಿನ ಲೆಕ್ಕದಲ್ಲಿ ಲೀಟರಿಗೆ ಸುಮಾರು ಎಂಟೂವರೆ ಕಿಲೋಮೀಟರ್. ("ಅಷ್ಟೇನಾ?" ಎಂದು ಊರಿನವರು ಕೇಳುತ್ತಾರೆ. ಹೌದು, ಅಷ್ಟೇ!) ಪಂಪುಗಳು ಒಂದೊಂದು ಒಂದೊಂದು ಕಡೆ ನಿಲ್ಲುವುದರಿಂದ ಒಂದು ಟ್ಯಾಂಕಿನ ಲೆಕ್ಕ ನೋಡಿ ಗಾಬರಿಯಾಗುವುದು ಬೇಡ. ಮೂರು ಟ್ಯಾಂಕುಗಳ ಒಟ್ಟು ಮೈಲಿಯನ್ನು ಒಟ್ಟು ಗ್ಯಾಲನ್ನಿನಿಂದ ಭಾಗಿಸಿದರೆ ನಂಬಬಹುದಾದ ಅಂಕಿ ಸಿಗುತ್ತದೆ.

ಅಂದಹಾಗೆ ಈ ಎಂಪಿಜಿ ಎಂಬ ಅಳತೆಯಲ್ಲೊಂದು ಮೋಸವಿದೆ. 40ರಿಂದ 36ಕ್ಕೆ ಇಳಿದರೂ ನಾಲ್ಕು, 20ರಿಂದ 16ಕ್ಕೆ ಇಳಿದರೂ ನಾಲ್ಕು. ಆದರೆ ತಿಂಗಳಿಗೆ ಸಾವಿರ ಮೈಲಿ ಓಡಿಸುವವರಿಗೆ ಮೊದಲನೆಯದು ಮೂರು ಗ್ಯಾಲನ್ನಿಗಿಂತ ಕಡಿಮೆ ನಷ್ಟ. ಎರಡನೆಯದು ಹನ್ನೆರಡೂವರೆ ಗ್ಯಾಲನ್. ಮಿನಿವ್ಯಾನ್ ಇರುವವರು "ನಾಲ್ಕು ತಾನೇ" ಎಂದು ಸುಮ್ಮನಿರಬಾರದು.

ಚಳಿಯ ಪಾಲೆಷ್ಟು?

ಮೈಲೇಜ್ ಇಳಿದಿರುವುದು ನಿಜ ಎಂದಾದ ಮೇಲೆ, ಅದರಲ್ಲಿ ಚಳಿಯ ಪಾಲನ್ನು ಕಳೆಯಬೇಕು. ಅಮೆರಿಕದ ಇಂಧನ ಇಲಾಖೆ ಕೊಡುವ ಲೆಕ್ಕ ಹೀಗಿದೆ: ಊರೊಳಗಿನ ಓಡಾಟದಲ್ಲಿ 77 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಸಿಗುವುದಕ್ಕಿಂತ 20 ಡಿಗ್ರಿಯಲ್ಲಿ ಸುಮಾರು 15 ಶೇಕಡಾ ಕಡಿಮೆ ಮೈಲೇಜ್ ಸಿಗುತ್ತದೆ. ಮೂರು ನಾಲ್ಕು ಮೈಲಿಯ ಪುಟ್ಟ ಪ್ರಯಾಣಗಳಾದರೆ 24 ಶೇಕಡಾದವರೆಗೂ ಇಳಿಯಬಹುದು. ಹೈಬ್ರಿಡ್ ಕಾರುಗಳಿಗೆ ಹೊಡೆತ ಇನ್ನೂ ಜಾಸ್ತಿ, 30 ಶೇಕಡಾ ದಾಟುತ್ತದೆ.

ಕಾರಣಗಳು ಒಂದೆರಡಲ್ಲ. ತಣ್ಣಗಿನ ಆಯಿಲ್ ಗಟ್ಟಿ. ತಣ್ಣಗಿನ ಇಂಜಿನ್ನಿಗೆ ಕಂಪ್ಯೂಟರ್ ಬೇಕೆಂದೇ ಹೆಚ್ಚು ಗ್ಯಾಸ್ ಕೊಡುತ್ತದೆ. ಚಳಿಗಾಲದಲ್ಲಿ ಮಾರುವ ಗ್ಯಾಸಿನ ಮಿಶ್ರಣವೇ ಬೇರೆ, ಗ್ಯಾಲನ್ನಿಗೆ ಸ್ವಲ್ಪ ಕಡಿಮೆ ಶಕ್ತಿ. ಜೊತೆಗೆ ಗಾಜಿನ ಮಂಜು ಕರಗಿಸುವ ಹೀಟರು, ಸೀಟಿನ ಹೀಟರು. ಮನೆಯಿಂದ ಇಂಡಿಯನ್ ಗ್ರೋಸರಿ ಅಂಗಡಿಗೆ ಮೂರು ಮೈಲಿ. ಇಂಜಿನ್ ಬಿಸಿಯಾಗುವ ಹೊತ್ತಿಗೆ ನೀವು ಕೊತ್ತಂಬರಿ ಸೊಪ್ಪು ಆರಿಸುತ್ತಿರುತ್ತೀರಿ! ಬೆಳಿಗ್ಗೆ ರಿಮೋಟ್ ಒತ್ತಿ ಹತ್ತು ಹದಿನೈದು ನಿಮಿಷ ಕಾರನ್ನು ನಿಂತಲ್ಲೇ ಓಡಿಸುವ ಅಭ್ಯಾಸವೂ ದುಬಾರಿಯೇ, ಆ ಹೊತ್ತಿನ ಮೈಲೇಜ್ ಸೊನ್ನೆ. ಅರ್ಧ ನಿಮಿಷ ಬಿಟ್ಟು, ಗಾಜು ಶುಚಿ ಮಾಡಿಕೊಂಡು, ಮೆಲ್ಲಗೆ ಹೊರಟರೆ ಇಂಜಿನ್ ಬೇಗ ಬಿಸಿಯಾಗುತ್ತದೆ. ಗ್ಯಾರೇಜಿನ ಒಳಗೆ ನಿಲ್ಲಿಸಿ ರಿಮೋಟ್ ಒತ್ತುವುದನ್ನಂತೂ ಬಾಗಿಲು ತೆರೆದಿದ್ದರೂ ಮಾಡಬೇಡಿ, ಇಂಗಾಲದ ಮಾನಾಕ್ಸೈಡ್ ಮನೆಯೊಳಗೆ ನುಗ್ಗುತ್ತದೆ.

ಆದ್ದರಿಂದ ಜನವರಿಯನ್ನು ಅಕ್ಟೋಬರಿನ ಜೊತೆ ಹೋಲಿಸಬಾರದು, ಹೋದ ವರ್ಷದ ಜನವರಿಯ ಜೊತೆ ಹೋಲಿಸಬೇಕು. ಹಳೆಯ ಲೆಕ್ಕ ಇಲ್ಲದವರು ಈ ವಾರದಿಂದಲೇ ಬರೆಯಲು ಶುರು ಮಾಡಿ.

ಟೈರಿನ ಗಾಳಿಯ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ, ಆದರೆ ಬೇರೆ ಕಾರಣಕ್ಕೆ. ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಸುಮಾರು ಒಂದು ಪಿಎಸ್ಐ ಗಾಳಿ ಇಳಿಯುತ್ತದೆ. 70 ಡಿಗ್ರಿಯಲ್ಲಿ 35 ತುಂಬಿಸಿದ ಟೈರು 10 ಡಿಗ್ರಿಯಲ್ಲಿ 29ರ ಹತ್ತಿರ ಇರುತ್ತದೆ. ಡ್ಯಾಶ್‌ಬೋರ್ಡಿನ ಟೈರ್ ದೀಪ ಹತ್ತುವುದು ಗಾಳಿ 25 ಶೇಕಡಾ ಕಡಿಮೆಯಾದ ಮೇಲೆ ಎಂಬುದೇ ಸಾಮಾನ್ಯ ನಿಯಮ, ಎಂದರೆ 26ಕ್ಕೆ. ದೀಪ ಹತ್ತಿಲ್ಲ ಎಂದರೆ ಗಾಳಿ ಸರಿಯಿದೆ ಎಂದಲ್ಲ. ಮಂಜಿನ ಮೇಲಿನ ಹಿಡಿತಕ್ಕೆ, ಟೈರಿನ ಬಾಳಿಕೆಗೆ ಇದು ಮುಖ್ಯ. ಆದರೆ ಮೈಲೇಜಿಗೆ? ಒಂದು ಪಿಎಸ್ಐಗೆ ನಷ್ಟ ಸುಮಾರು 0.2 ಶೇಕಡಾ ಅಷ್ಟೇ. ನಾಲ್ಕೂ ಟೈರುಗಳಲ್ಲಿ ಆರು ಪಿಎಸ್ಐ ಇಳಿದರೆ ಒಂದು ಶೇಕಡಾ ಚಿಲ್ಲರೆ. 20 ಶೇಕಡಾ ಮೈಲೇಜ್ ಮಾಯವಾಗಿದ್ದರೆ ಕಳ್ಳ ಟೈರಿನ ಗಾಳಿಯಲ್ಲ.

ಬದಲಾದದ್ದು ಏನು ಎಂಬ ಪ್ರಶ್ನೆಗೆ ಮನೆಯವರೆಲ್ಲ ಸೇರಿ ಉತ್ತರಿಸಬೇಕು. ಹೊಸ ಟೈರು ಹಾಕಿಸಿದಿರಾ? ರಜೆಯ ಪ್ರವಾಸಕ್ಕೆಂದು ತಲೆಯ ಮೇಲೆ ಕೂರಿಸಿದ ಸಾಮಾನಿನ ಪೆಟ್ಟಿಗೆ ಇನ್ನೂ ಅಲ್ಲೇ ಇದೆಯೇ? ಫ್ರೀವೇ ವೇಗದಲ್ಲಿ ಅದೊಂದೇ 10ರಿಂದ 25 ಶೇಕಡಾ ತಿನ್ನಬಲ್ಲದು. ಫ್ಲೆಕ್ಸ್ ಫ್ಯೂಯಲ್ ಕಾರಿಗೆ ಅಗ್ಗವೆಂದು ಇ-85 ತುಂಬಿಸಿದಿರಾ? ಎಥನಾಲಿನಲ್ಲಿ ಗ್ಯಾಲನ್ನಿಗೆ ಶಕ್ತಿ ಮೂರನೇ ಒಂದು ಭಾಗ ಕಡಿಮೆ, ಮೈಲೇಜ್ ಕಾಲು ಭಾಗದವರೆಗೆ ಬೀಳುತ್ತದೆ. ಆಫೀಸು ಬದಲಾಯಿತೇ? ಮಗಳು ಕಾರು ಓಡಿಸಲು ಕಲಿಯುತ್ತಿದ್ದಾಳೆಯೇ? ಅತ್ತೆ ಮಾವ ಬಂದಿದ್ದು, ವಾರಕ್ಕೆರಡು ಸಲ ದೇವಸ್ಥಾನ, ಕಾಯುವಾಗ ಇಂಜಿನ್ ಆನ್, ಹೀಟರ್ ಆನ್ ಎಂದಾಗಿದೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಎಂದಾದರೆ ಕಾರಿನಲ್ಲಿ ರೋಗವೇ ಇಲ್ಲದಿರಬಹುದು.

ಒಂದು ಮಿನಿವ್ಯಾನಿನ ಕಥೆ

ಎಲ್ಲಕ್ಕೂ ಇಲ್ಲ ಎಂದಾದರೆ? ಪಕ್ಕದ ಸಬ್‌ಡಿವಿಷನ್ನಿನ ಸ್ನೇಹಿತರೊಬ್ಬರ ಎಂಟು ವರ್ಷದ ಮಿನಿವ್ಯಾನಿನ ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅವರ ಮನೆಯವರು ಮೊದಲಿನಿಂದಲೂ ಲೆಕ್ಕದಲ್ಲಿ ಗಟ್ಟಿ. ದಿನಸಿ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಪ್ರತಿ ಸಲ ಹಾಕಿಸಿದ ಗ್ಯಾಲನ್ನು, ಓಡಿದ ಮೈಲಿ ಬರೆದಿಟ್ಟಿದ್ದರು. ಅಕ್ಟೋಬರಿನಲ್ಲಿ 21.5, ಹಿಂದಿನ ಜನವರಿಯಲ್ಲಿ 18.9, ಈ ಜನವರಿಯಲ್ಲಿ 15.1. ಚಳಿಯ ಪಾಲು 21.5ರಿಂದ 18.9. ಉಳಿದದ್ದು ರೋಗ, ಅದೂ 20 ಶೇಕಡಾ. ಚೆಕ್ ಇಂಜಿನ್ ಲೈಟ್ ಹತ್ತಿರಲಿಲ್ಲ. ಒಯ್ದು ತೋರಿಸಿದ ಅಂಗಡಿಯವರು ಇಂಜೆಕ್ಟರ್ ಕ್ಲೀನಿಂಗ್, ಹೊಸ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಎಂದು ಉದ್ದನೆಯ ಪಟ್ಟಿ ಕೊಟ್ಟರು. ಪಟ್ಟಿಯಲ್ಲಿ ಇಲ್ಲದಿದ್ದದ್ದು ಒಂದೇ, ಯಾಕೆ ಎಂಬುದು.

ಇಲ್ಲಿ ಸ್ವಲ್ಪ ಒಳಗಿನ ಕೆಲಸ ಹೇಳಬೇಕು. ಇಂಜಿನ್ನಿಗೆ ಗಾಳಿ ಮತ್ತು ಗ್ಯಾಸ್ ತೂಕದಲ್ಲಿ ಸುಮಾರು 14.7ಕ್ಕೆ 1ರಂತೆ ಬೇಕು. ಒಳಗೆ ಬರುವ ಗಾಳಿಯನ್ನು ಒಂದು ಸೆನ್ಸರ್ ಅಳೆಯುತ್ತದೆ, ಅದನ್ನು ನೋಡಿ ಕಂಪ್ಯೂಟರ್ ಗ್ಯಾಸ್ ಕೊಡುತ್ತದೆ. ಹೊರಗೆ ಹೋಗುವ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಆಕ್ಸಿಜನ್ ಸೆನ್ಸರ್ ನೋಡಿ "ಹೆಚ್ಚಾಯಿತು", "ಕಡಿಮೆಯಾಯಿತು" ಎಂದು ಹೇಳುತ್ತಲೇ ಇರುತ್ತದೆ. ಸಾರಿನ ರುಚಿ ನೋಡಿ ನೋಡಿ ಉಪ್ಪು ಹಾಕುವ ಹಾಗೆ. ಹೀಗೆ ಕಂಪ್ಯೂಟರ್ ತನ್ನ ಲೆಕ್ಕವನ್ನು ಎಷ್ಟು ತಿದ್ದಿಕೊಳ್ಳುತ್ತಿದೆ ಎಂಬುದಕ್ಕೆ ಫ್ಯೂಯಲ್ ಟ್ರಿಮ್ ಎಂದು ಹೆಸರು. ಅದು ಸೊನ್ನೆಯ ಆಸುಪಾಸಿನಲ್ಲಿದ್ದರೆ ಕ್ಷೇಮ. ಪ್ಲಸ್ 20 ಎಂದಿದ್ದರೆ ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿರಬಹುದು, ಇಲ್ಲವೇ ಯಾವುದೋ ಸೆನ್ಸರ್ ಸುಳ್ಳು ಹೇಳುತ್ತಿರಬಹುದು. ಮೈನಸ್ 20 ಎಂದಿದ್ದರೆ ಕೇಳದೆಯೇ ಗ್ಯಾಸ್ ಸೋರಿ ಬರುತ್ತಿರಬಹುದು. ಆಕ್ಸಿಜನ್ ಸೆನ್ಸರ್ ಪೂರ್ತಿ ಕೆಟ್ಟ ಕಾರನ್ನು ಸರಿಪಡಿಸಿದರೆ ಮೈಲೇಜ್ 40 ಶೇಕಡಾದವರೆಗೂ ಸುಧಾರಿಸಬಹುದು ಎಂದು ಅದೇ ಇಂಧನ ಇಲಾಖೆ ಹೇಳುತ್ತದೆ.

ಇದನ್ನೆಲ್ಲ ನೋಡಲು ಅಂಗಡಿಗೆ ಹೋಗಬೇಕೆಂದಿಲ್ಲ. 1996ರ ಮಾಡೆಲ್‌ನಿಂದ ಈಚೆಗೆ ಅಮೆರಿಕದಲ್ಲಿ ಮಾರಾಟವಾದ ಪ್ರತಿ ಪೆಟ್ರೋಲ್ ಕಾರಿನಲ್ಲೂ ಸ್ಟಿಯರಿಂಗಿನ ಕೆಳಗೆ ಓಬಿಡಿ-2 ಎಂಬ ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ಸ್ಕ್ಯಾನರ್ ಅಗ್ಗವಾಗಿಯೇ ಸಿಗುತ್ತದೆ, ಫೋನಿನಲ್ಲಿ ಅಂಕಿಗಳು ಕಾಣುತ್ತವೆ. ಓಡಿಸುವವರು ರಸ್ತೆ ನೋಡಲಿ, ಫೋನನ್ನು ಪಕ್ಕದಲ್ಲಿ ಕೂತವರು ನೋಡಲಿ.

ಸ್ನೇಹಿತರ ವ್ಯಾನಿನಲ್ಲಿ ಟ್ರಿಮ್ ಪ್ಲಸ್ 3 ಇತ್ತು. ಇಂಜಿನ್ ಕೊಟ್ಟ ಲೆಕ್ಕಕ್ಕೆ ತಕ್ಕಂತೆಯೇ ಗ್ಯಾಸ್ ಸುಡುತ್ತಿದೆ ಎಂದಾಯಿತು. ಇಂಜೆಕ್ಟರ್ ಕ್ಲೀನಿಂಗಿನ ಅಗತ್ಯ ಕಾಣಲಿಲ್ಲ. ಆದರೆ ಪಕ್ಕದ ಅಂಕಿ ವಿಚಿತ್ರವಾಗಿತ್ತು. ಫ್ರೀವೇಯಲ್ಲಿ ಇಪ್ಪತ್ತು ನಿಮಿಷ ಓಡಿದರೂ ಕೂಲೆಂಟ್ ಬಿಸಿ 138 ಡಿಗ್ರಿ ದಾಟಲಿಲ್ಲ. ಇರಬೇಕಾದದ್ದು 190ಕ್ಕಿಂತ ಮೇಲೆ. ಸಿಗ್ನಲ್ಲಿನಲ್ಲಿ ನಿಂತರೆ ಏರುತ್ತದೆ, ಹೊರಟರೆ ಮತ್ತೆ ಇಳಿಯುತ್ತದೆ. ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಹಾಕಿಕೊಂಡಿದ್ದರ ಗುರುತು ಇದು. ಇಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು ಅದರ ಕೆಲಸ. ಅದು ಮುಚ್ಚದಿದ್ದರೆ ಇಂಜಿನ್ ಇಡೀ ಚಳಿಗಾಲ ಈಗಷ್ಟೇ ಎದ್ದಂತೆಯೇ ಇರುತ್ತದೆ, ಕಂಪ್ಯೂಟರ್ ಹೆಚ್ಚು ಗ್ಯಾಸ್ ಕೊಡುತ್ತಲೇ ಇರುತ್ತದೆ. ಹಿಂದಿನ ಸೀಟಿನ ಮಕ್ಕಳು "ಹೀಟರ್ ಬಿಸಿ ಬರ್ತಿಲ್ಲ" ಎಂದು ತಿಂಗಳಿನಿಂದ ಹೇಳುತ್ತಲೇ ಇದ್ದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ದೂರು ಎರಡು, ಬಗ್ ಒಂದೇ! ಸಾಮಾನ್ಯವಾಗಿ ಇದಕ್ಕೆ ಪಿ-0128 ಎಂಬ ಕೋಡ್ ಬಂದು ಲೈಟ್ ಹತ್ತುತ್ತದೆ, ಆದರೆ ಆ ಪರೀಕ್ಷೆ ಪೂರ್ತಿಯಾಗಲು ಕಾರು ಸಾಕಷ್ಟು ಹೊತ್ತು ಒಂದು ರೀತಿಯಲ್ಲಿ ಓಡಿರಬೇಕು. ಬರೀ ಪುಟ್ಟ ಪ್ರಯಾಣಗಳ ವ್ಯಾನಿನಲ್ಲಿ ಅದು ತಡವಾಗಬಹುದು.

ಇಂಥ ಕಾರಿನಲ್ಲಿ ಡಿಪ್‌ಸ್ಟಿಕ್ ಎಳೆದು ನೋಡುವುದೂ ಒಳ್ಳೆಯದು. ಆಯಿಲ್ ಮಟ್ಟ ಮೇಲೇರಿದ್ದು ಗ್ಯಾಸಿನ ವಾಸನೆ ಬಂದರೆ, ಸುಡದ ಗ್ಯಾಸ್ ಆಯಿಲ್ ಜೊತೆ ಬೆರೆತಿದೆ. ಮೈಲಿ ಮುಗಿಯಲಿ ಎಂದು ಕಾಯದೆ ಆಯಿಲ್ ಬದಲಾಯಿಸಿ.

ಹೊಸ ಥರ್ಮೋಸ್ಟಾಟ್ ಹಾಕಿದ ಮೇಲೆ ಎರಡು ಟ್ಯಾಂಕಿನ ಲೆಕ್ಕ 16.7ಕ್ಕೆ ಬಂತು. ಸುಧಾರಿಸಿತು, ಆದರೆ 18.9 ಆಗಲಿಲ್ಲ. ಬಹಳ ಜನ ಇಲ್ಲಿಗೆ ತೃಪ್ತರಾಗಿ ಬಿಟ್ಟುಬಿಡುತ್ತಿದ್ದರೋ ಏನೋ. ನೋಟ್‌ಬುಕ್ ಇಟ್ಟವರು ಬಿಡಲಿಲ್ಲ: "ಇನ್ನೂ ಎರಡು ಎಲ್ಲಿ ಹೋಯಿತು?"

ಇಂಜಿನ್ ಸರಿಯಾಗಿ ಸುಡುತ್ತಿದೆ, ಬಿಸಿಯೂ ಸರಿಯಾಗಿದೆ, ಆದರೂ ಗ್ಯಾಸ್ ಹೋಗುತ್ತಿದೆ ಎಂದರೆ ಕಾರನ್ನು ಯಾರೋ ಹಿಂದಿನಿಂದ ಎಳೆದು ಹಿಡಿದಿದ್ದಾರೆ ಎಂದೇ ಅರ್ಥ. ಆ ಯಾರೋ ಸಾಮಾನ್ಯವಾಗಿ ಬ್ರೇಕು. ನಮ್ಮ ಡೆಟ್ರಾಯಿಟ್ ನಗರದ ಕೆಳಗೇ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ಉಪ್ಪಿನ ಗಣಿ ಇದೆ ಎಂಬುದು ನಿಮಗೆ ಗೊತ್ತಿರಬಹುದು. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಮಂಜನ್ನು ಕರಗಿಸಿ, ಆಮೇಲೆ ನಮ್ಮ ಕಾರುಗಳ ಕಬ್ಬಿಣವನ್ನು ತಿನ್ನಲು ಕೂರುತ್ತದೆ. ಬ್ರೇಕ್ ಕ್ಯಾಲಿಪರ್ ಜಾರಬೇಕಾದ ಪಿನ್ನುಗಳು ತುಕ್ಕು ಹಿಡಿದರೆ, ಪೆಡಲ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ಇದಕ್ಕೆ ಯಾವ ಸೆನ್ಸರೂ ಇಲ್ಲ, ಯಾವ ಕೋಡೂ ಬರುವುದಿಲ್ಲ.

ಪತ್ತೆ ಮಾಡುವುದು ಸುಲಭ. ಹೆಚ್ಚು ಬ್ರೇಕ್ ಒತ್ತದೆ ಹದಿನೈದು ನಿಮಿಷ ಓಡಿಸಿ, ಮೆಲ್ಲಗೆ ನಿಲ್ಲಿಸಿ, ನಾಲ್ಕೂ ಚಕ್ರಗಳ ಬಿಸಿ ನೋಡಿ. ಕೈಯಿಂದ ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ. ಅಂಗೈಯನ್ನು ಚಕ್ರದ ಹತ್ತಿರ ಹಿಡಿದರೇ ಗೊತ್ತಾಗುತ್ತದೆ. ದೋಸೆ ಕಾವಲಿಯ ಬಿಸಿ ನೋಡಲು ಇನ್‌ಫ್ರಾರೆಡ್ ಥರ್ಮಾಮೀಟರ್ ಇಟ್ಟುಕೊಂಡವರು ಅದನ್ನೇ ತರಬಹುದು, ನಾವು ಮಾಡಿದ್ದೂ ಅದನ್ನೇ. ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಬಿಸಿ ಇರುವುದು ಸಹಜ, ಆದ್ದರಿಂದ ಎಡವನ್ನು ಬಲದ ಜೊತೆ ಹೋಲಿಸಿ. ಆ ವ್ಯಾನಿನ ಹಿಂದಿನ ಎಡಚಕ್ರದ ಡಿಸ್ಕ್ 85 ಡಿಗ್ರಿ, ಬಲಚಕ್ರದ್ದು 210. ಬಿಚ್ಚಿದಾಗ ಆ ಕಡೆಯ ಒಂದು ಪ್ಯಾಡ್ ಸವೆದು ಲೋಹ ಕಾಣುತ್ತಿತ್ತು, ಇನ್ನೊಂದು ಅರ್ಧಕ್ಕೂ ಹೆಚ್ಚು ಉಳಿದಿತ್ತು. ಎರಡು ವಾರದಲ್ಲಿ ಅವರು ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಷಿಕಾಗೋಗೆ ಹೊರಡುವವರಿದ್ದರು. ಹೀಗೆ ಉಜ್ಜುವ ಬ್ರೇಕು ಗಂಟೆಗಟ್ಟಲೆ ಫ್ರೀವೇಯಲ್ಲಿ ಕಾದರೆ ಬ್ರೇಕ್ ಫ್ಲೂಯಿಡ್ ಕುದಿದು ಪೆಡಲ್ ನೆಲಕ್ಕೆ ಹೋಗಬಹುದು. ಬೆಂಕಿ ಹತ್ತುವುದೂ ಉಂಟು. ಕ್ಯಾಲಿಪರ್, ಪ್ಯಾಡ್, ಡಿಸ್ಕ್ ಬದಲಾದ ಮೇಲೆ ಲೆಕ್ಕ 18.6ಕ್ಕೆ ಬಂದು ನಿಂತಿತು.

ಗಮನಿಸಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಅಳೆದು, ಆಮೇಲೆ ಮುಂದಿನದಕ್ಕೆ ಹೋದದ್ದರಿಂದಲೇ ಎರಡನೆಯ ಕಾರಣ ಸಿಕ್ಕಿತು. ಪಟ್ಟಿಯಲ್ಲಿದ್ದದ್ದನ್ನೆಲ್ಲ ಒಟ್ಟಿಗೆ ಮಾಡಿಸಿದ್ದರೆ ದುಡ್ಡು ಹೋಗುತ್ತಿತ್ತು, ಬ್ರೇಕು ಹಾಗೇ ಇರುತ್ತಿತ್ತು.

ಅಂಗಡಿಗೆ ಹೋಗುವ ಮುನ್ನ

ಏರ್ ಫಿಲ್ಟರ್ ಬಗ್ಗೆ ಒಂದು ಮಾತು. ಕಾರ್ಬ್ಯುರೇಟರ್ ಕಾಲದಲ್ಲಿ ಕೊಳೆ ಫಿಲ್ಟರ್ ಮೈಲೇಜ್ ತಿನ್ನುತ್ತಿದ್ದದ್ದು ನಿಜ, ನಮ್ಮೂರಿನ ಅಂಬಾಸಿಡರ್, ಫಿಯಟ್‌ಗಳಿಂದ ಬಂದ ಜ್ಞಾನ ಅದು. ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಇಂಜೆಕ್ಷನ್ ಇರುವ ಆಧುನಿಕ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರಿನಿಂದ ಮೈಲೇಜಿಗೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕಡಿಮೆಯಾಗುವುದು ವೇಗ ಏರುವ ಚುರುಕು. ಫಿಲ್ಟರ್ ಬದಲಾಯಿಸಿ, ಆದರೆ ಗ್ಯಾಸ್ ಉಳಿಯುತ್ತದೆಂದಲ್ಲ. ಇನ್ನು ಮೈಲೇಜ್ ಏರಿಸುವ ಮ್ಯಾಗ್ನೆಟ್ಟು, ಸಿಗರೇಟ್ ಲೈಟರಿಗೆ ಸಿಕ್ಕಿಸುವ ಡಬ್ಬಿ ಇತ್ಯಾದಿ: ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರೀಕ್ಷಿಸಿದೆ, ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ. ಆ ದುಡ್ಡಿಗೆ ಮೈಸೂರು ಪಾಕ್ ತೆಗೆದುಕೊಳ್ಳಿ.

ಚೆಕ್ ಇಂಜಿನ್ ಲೈಟ್ ಸುಮ್ಮನೆ ಹತ್ತಿದ್ದರೆ ಒಂದೆರಡು ದಿನದಲ್ಲಿ ತೋರಿಸಿ. ಮಿನುಗುತ್ತಿದ್ದರೆ ಮಾತ್ರ ಮನೆಯವರೆಗೂ ಓಡಿಸುವ ಧೈರ್ಯ ಬೇಡ. ಇಂಜಿನ್ ಮಿಸ್‌ಫೈರ್ ಆಗಿ, ಸುಡದ ಗ್ಯಾಸ್ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನು ಹಾಳುಮಾಡುತ್ತಿರುತ್ತದೆ. ಅದರ ಬೆಲೆ ಸಾವಿರ ಡಾಲರ್ ದಾಟುವುದು ಅಪರೂಪವೇನಲ್ಲ. ಹಾಗೆಯೇ ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ ಒಂದಿದೆ: ಮಾಮೂಲಿ ವಾರಂಟಿ ಮುಗಿದಿದ್ದರೂ, ಕ್ಯಾಟಲಿಟಿಕ್ ಕನ್ವರ್ಟರಿಗೂ ಇಂಜಿನ್ನಿನ ಹೊಗೆ ನಿಯಂತ್ರಿಸುವ ಕಂಪ್ಯೂಟರಿಗೂ ಕೇಂದ್ರ ಸರ್ಕಾರದ ಕಾನೂನಿನ ಪ್ರಕಾರ 8 ವರ್ಷ ಅಥವಾ 80,000 ಮೈಲಿ, ಯಾವುದು ಮೊದಲೋ ಅಲ್ಲಿಯವರೆಗೆ, ವಾರಂಟಿ ಇರುತ್ತದೆ. ದೋಷ ತಯಾರಿಕೆಯದ್ದಾದರೆ ಡೀಲರ್ ಬಿಟ್ಟಿಯಾಗಿ ಸರಿಪಡಿಸಬೇಕು. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ. ಆಯಿಲ್ ಚೇಂಜನ್ನು ಹೊರಗೆ ಮಾಡಿಸಿದಿರಿ ಎಂಬ ಒಂದೇ ಕಾರಣಕ್ಕೆ ವಾರಂಟಿ ನಿರಾಕರಿಸುವಂತಿಲ್ಲ, 1975ರ ಮ್ಯಾಗ್ನಸನ್-ಮಾಸ್ ಕಾನೂನು ನಿಮ್ಮ ಕಡೆ ಇದೆ. ರಸೀತಿಗಳನ್ನು ಮಾತ್ರ ಇಟ್ಟುಕೊಂಡಿರಿ.

ಅಂಗಡಿಯಲ್ಲಿ "ಮೈಲೇಜ್ ಬರ್ತಿಲ್ಲ, ನೋಡಿ" ಎಂದರೆ ಸಿಗುವುದು ಪಟ್ಟಿ. "ಹೋದ ಜನವರಿಯಲ್ಲಿ 19 ಇತ್ತು, ಈಗ 15, ಥ್ಯಾಂಕ್ಸ್‌ಗಿವಿಂಗ್ ಕಳೆದ ಮೇಲೆ ಶುರುವಾಯಿತು, ಟ್ರಿಮ್ ಇಷ್ಟಿದೆ, ಹಿಂದಿನ ಬಲಚಕ್ರ ಬಿಸಿಯಾಗುತ್ತದೆ" ಎಂದು ಕಾಗದದಲ್ಲಿ ಬರೆದುಕೊಟ್ಟರೆ ಸಿಗುವುದು ಉತ್ತರ. ಯಾವ ಭಾಗ ಬದಲಾಯಿಸಿದರೂ ಹಳೆಯದನ್ನು ತೋರಿಸಲು ಕೇಳಿ.

ನನ್ನ ಸ್ಕ್ಯಾನರ್ ಸಾಮಾನ್ಯವಾಗಿ ಕಾರಿನ ಗ್ಲವ್ ಬಾಕ್ಸಿನಲ್ಲೇ ಇರುತ್ತದೆ. ಮುಂದಿನ ಕಾರ್ಯಕ್ರಮದಲ್ಲಿ ಬೇಕಾದವರು ಕೇಳಿ, ಊಟ ಆದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ಐದು ನಿಮಿಷದ ಕೆಲಸ. ದೋಸೆ ಥರ್ಮಾಮೀಟರನ್ನು ಮಾತ್ರ ನೀವೇ ತನ್ನಿ.